ಆಫ್ರಿಕಾದ ತಾಯಂದಿರ ಆರೋಗ್ಯ ಸಂಶೋಧನೆ: ಬರೆದುಕೊಂಡು ಹೋದದ್ದು ಊರಿಗೆ ಮರಳಿ ಬಂದಿದೆಯೇ?

ಮುಳ್ಳೇರಿಯದ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಮುಂದಿನ ತಿಂಗಳು ಸೆಮಿನಾರಿನಲ್ಲಿ ಆಫ್ರಿಕಾದಲ್ಲಿ ತಾಯಂದಿರ ಆರೋಗ್ಯಕ್ಕಾಗಿ ನಡೆದ ಸಂಶೋಧನೆಗಳ ಬಗ್ಗೆ ಮಾತನಾಡಬೇಕಾಗಿದೆ. ಲೇಖನಗಳಿಗೆ ಬರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸಿರು ಮತ್ತು ಹೆರಿಗೆಯ ಕಾರಣದಿಂದ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಸತ್ತಿದ್ದಾರೆ, ಅವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಸಹಾರಾ ಮರುಭೂಮಿಯ ದಕ್ಷಿಣದ ದೇಶಗಳವರು. ಇಂಥ ಅಂಕಿಗಳನ್ನು ಜೋಡಿಸಿ ಅರ್ಧ ಗಂಟೆ ಮಾತನಾಡುವುದು ಕಷ್ಟವಲ್ಲ.

ಆದರೆ ನನ್ನ ಅಮ್ಮ ಆಶಾ ಕಾರ್ಯಕರ್ತೆ. ನಾನು ಓದಿದ್ದನ್ನು ಹೇಳುತ್ತಿದ್ದಾಗ ಕೈಯಲ್ಲಿದ್ದ ರಿಜಿಸ್ಟರ್ ಮಡಚಿಟ್ಟು ಕೇಳಿದರು: "ಇಷ್ಟೆಲ್ಲ ಬರೆದುಕೊಂಡು ಹೋದವರು ಮತ್ತೆ ಆ ಊರಿಗೆ ಬಂದು ಏನಾದರೂ ಕೊಟ್ಟರೇ?" ಅವರು ಮನೆಮನೆಯಲ್ಲಿ ತುಳುವಿನಲ್ಲೂ ಕನ್ನಡದಲ್ಲೂ ಕೇಳಿ ಮಲಯಾಳದ ಫಾರಂ ತುಂಬಿಸುವವರು. ತುಂಬಿಸಿ ಕಳುಹಿಸಿದ ಮೇಲೆ ಅದು ಏನಾಯಿತೆಂದು ಅವರಿಗೆ ತಿಳಿಸಿದವರು ಕಡಿಮೆ. ಅಮ್ಮನಿಗೆ ಕೊಡಲು ನನ್ನ ಬಳಿ ಗಟ್ಟಿಯಾದ ಉತ್ತರ ಇರಲಿಲ್ಲ.

ಹಾಗಾಗಿ ನನ್ನ ಪ್ರಶ್ನೆ ಇದು: ಆಫ್ರಿಕಾದ ಯಾವ ಸಂಶೋಧನೆಯಿಂದ ಹೆರಿಗೆ ಕೋಣೆಯಲ್ಲೋ ಹಳ್ಳಿಯಲ್ಲೋ ನಿಜಕ್ಕೂ ಏನಾದರೂ ಬದಲಾಯಿತು? ಅದರಲ್ಲಿ ಕಾಸರಗೋಡಿಗೆ ಒದಗುವಂಥದ್ದು ಇದೆಯೇ? ಈ ಕೆಲಸವನ್ನು ಹತ್ತಿರದಿಂದ ನೋಡಿದವರು ಹೇಳಿದರೆ ಉಪಕಾರವಾಗುತ್ತದೆ.

ನಿವೃತ್ತ ನರ್ಸ್, ಬದಿಯಡ್ಕ:

ತಂಗೀ, ಸೆಮಿನಾರಿನಲ್ಲಿ ಮೊದಲು ನಿನ್ನ ಅಮ್ಮನ ಪ್ರಶ್ನೆಯನ್ನೇ ಓದು, ಆಮೇಲೆ ಅಂಕಿಗಳಿಗೆ ಹೋಗು.

ನನ್ನ ವೃತ್ತಿಯ ಬಹುಪಾಲು ಹೆರಿಗೆ ಕೋಣೆಯಲ್ಲೇ ಕಳೆಯಿತು. ಮಂಗಳೂರಿನಲ್ಲಿ ಕಲಿತು, ಅಲ್ಲೇ ಕೆಲಸ ಮಾಡಿ, ತೊಂಬತ್ತರ ದಶಕದಲ್ಲಿ ಕೆಲವು ವರ್ಷ ಟಾಂಜಾನಿಯಾದ ಪಶ್ಚಿಮ ಭಾಗದ ಒಂದು ಮಿಷನ್ ಆಸ್ಪತ್ರೆಯಲ್ಲಿದ್ದೆ. ಆದ್ದರಿಂದ ನಾನು ಹೇಳುವುದು ಒಂದೇ ವಿಷಯದ ಮೇಲೆ, ಹೆರಿಗೆಯ ನಂತರದ ರಕ್ತಸ್ರಾವದ ಮೇಲೆ. ತಾಯಂದಿರನ್ನು ಅತಿ ಹೆಚ್ಚು ಕೊಲ್ಲುವ ಕಾರಣಗಳಲ್ಲಿ ಅದು ಮುಂದಿದೆ, ಮತ್ತು ಅದು ಕೊಡುವ ಸಮಯ ತೀರಾ ಕಡಿಮೆ.

ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಬೇಕು. ಹೊಟ್ಟೆಯ ಮೇಲೆ ಕೈಯಿಟ್ಟರೆ ತಿಳಿಯುತ್ತದೆ. ಬಿಗಿದಿದ್ದರೆ ಹೊಕ್ಕುಳಿನ ಆಸುಪಾಸಿನಲ್ಲಿ ಗಟ್ಟಿಯಾಗಿ ಅಂಗೈಗೆ ಸಿಗುತ್ತದೆ, ಬಿಗಿಯದಿದ್ದರೆ ಬೆರಳು ಮೆತ್ತಗೆ ಒಳಗೆ ಹೋಗುತ್ತದೆ, ಹಿಡಿತಕ್ಕೆ ಏನೂ ಸಿಗುವುದಿಲ್ಲ. ಆಗ ಉಜ್ಜಬೇಕು, ಚುಚ್ಚುಮದ್ದು ಕೊಡಬೇಕು, ಡ್ರಿಪ್ ಹಾಕಬೇಕು. ಇದು ನಮಗೆಲ್ಲ ಗೊತ್ತಿತ್ತು. ತೊಡಕು ಇದ್ದದ್ದು ಅದಕ್ಕೂ ಮೊದಲಿನ ಪ್ರಶ್ನೆಯಲ್ಲಿ: ಎಷ್ಟು ರಕ್ತ ಹೋಗಿದೆ? ಅದು ಬಟ್ಟೆಯಲ್ಲಿ ಇಂಗಿರುತ್ತದೆ, ನೀರು ಮೂತ್ರಗಳೊಂದಿಗೆ ಬೆರೆತಿರುತ್ತದೆ, ತೊಡೆಯ ಅಡಿಯಲ್ಲಿ ಹೆಪ್ಪುಗಟ್ಟಿ ಕೂತಿರುತ್ತದೆ. ಎಷ್ಟು ಅನುಭವಿಯಾದರೂ ಕಣ್ಣಂದಾಜು ಕಡಿಮೆಯ ಕಡೆಗೇ ಜಾರುತ್ತದೆ. ತಾಯಿಯೂ ಮೊದಮೊದಲು ಚೆನ್ನಾಗಿಯೇ ಮಾತನಾಡುತ್ತಿರುತ್ತಾಳೆ, ಮಗುವನ್ನು ತೋರಿಸಿ ಎನ್ನುತ್ತಾಳೆ. ಬೆವರಿ, ನಾಡಿ ಓಡತೊಡಗಿ, ತುಟಿ ಬಿಳಿಚಿದ ಮೇಲೆ ಎಚ್ಚೆತ್ತರೆ ಹೊತ್ತು ಮೀರಿರುತ್ತದೆ.

ಟಾಂಜಾನಿಯಾದಲ್ಲಿ ಹೆರಿಗೆಗೆ ಬರುವವರು ಕಾಂಗಾ ತರುತ್ತಿದ್ದರು. ಅಲ್ಲಿನ ಹೆಂಗಸರು ಉಡುವುದು, ಹೊದೆಯುವುದು, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ಎಲ್ಲ ಆ ಹತ್ತಿ ಬಟ್ಟೆಯಲ್ಲೇ. ಜೋಡಿಯಾಗಿ ಮಾರುತ್ತಾರೆ, ಅಂಚಿನಲ್ಲಿ ಸ್ವಾಹಿಲಿಯ ಒಂದು ಮಾತು ಅಚ್ಚಾಗಿರುತ್ತದೆ. ಹೆರಿಗೆಯಲ್ಲಿ ಅದನ್ನೇ ಕೆಳಗೆ ಹಾಸುತ್ತಿದ್ದೆವು. "ಎಷ್ಟು ಕಾಂಗಾ ತೊಯ್ದವು?" ಎಂದು ಅಲ್ಲಿನ ಸೂಲಗಿತ್ತಿಯರು ಒಬ್ಬರನ್ನೊಬ್ಬರು ಕೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. 2005ರಲ್ಲಿ ಕಿಗೋಮಾದಲ್ಲಿ ಕೆಲಸ ಮಾಡಿದವರ ಒಂದು ಅಧ್ಯಯನ ಪ್ರಕಟವಾಯಿತು. ಕಾಂಗಾ ಎಷ್ಟು ರಕ್ತ ಹೀರುತ್ತದೆಂದು ಅಳೆದು, ಎರಡು ಕಾಂಗಾ ಪೂರ್ತಿ ತೊಯ್ದರೆ ಸುಮಾರು ಅರ್ಧ ಲೀಟರ್ ಹೋಗಿದೆ ಎಂಬ ಲೆಕ್ಕ ಕೊಟ್ಟರು. ಮನೆ ಹೆರಿಗೆ ಮಾಡಿಸುವ ಸೂಲಗಿತ್ತಿ ಆ ಗುರುತು ನೋಡಿ ಗರ್ಭಕೋಶ ಬಿಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಬಹುದು. ಓದು ಬಾರದವಳಿಗೂ ಎರಡರವರೆಗೆ ಎಣಿಸಲು ಬರುತ್ತದೆ. ಸಂಶೋಧನೆ ಆ ಊರಿನ ಹೆಂಗಸಿನ ಕೈಗೆ ಮರಳಿದ್ದಕ್ಕೆ ನಾನು ಮೊದಲು ಕೊಡುವ ಉದಾಹರಣೆ ಇದು. ನಿನ್ನ ಅಮ್ಮನಿಗೂ ಇದನ್ನೇ ಹೇಳು.

ಆ ಅಧ್ಯಯನದಲ್ಲಿದ್ದ ಡಾ. ಗಾಡ್‌ಫ್ರೀ ಎಂಬಾರುಕು ಟಾಂಜಾನಿಯಾದವರೇ ಆದ ಹೆರಿಗೆ ವೈದ್ಯರು. ಟಾಂಗನ್ಯಿಕಾ ಸರೋವರದ ದಡದ ಕಿಗೋಮಾ ಪ್ರಾದೇಶಿಕ ಆಸ್ಪತ್ರೆಯಲ್ಲಿ ಎಂಬತ್ತರ ದಶಕದಲ್ಲಿ ಅವರು ಮಾಡಿದ ಕೆಲಸವನ್ನು ಬಿಡಬೇಡ. ಸತ್ತ ಪ್ರತಿ ತಾಯಿಯ ಕಡತ ತೆರೆದು ಎಲ್ಲಿ ತಡವಾಯಿತು, ಏನು ಇರಲಿಲ್ಲ ಎಂದು ನೋಡಿದರು. ಇದ್ದ ಸಿಬ್ಬಂದಿ, ಇದ್ದ ಕಟ್ಟಡ, ಸ್ಥಳೀಯವಾಗಿ ಸಿಗುವ ಸಾಧನಗಳಿಂದಲೇ ಇಪ್ಪತ್ತಕ್ಕೂ ಹೆಚ್ಚು ಸುಧಾರಣೆಗಳನ್ನು ಒಂದೊಂದಾಗಿ ಜಾರಿಗೆ ತಂದರು. 1984ರಿಂದ 1991ರೊಳಗೆ ಆ ಆಸ್ಪತ್ರೆಯಲ್ಲಿ ಲಕ್ಷ ಜೀವಂತ ಜನನಕ್ಕೆ 933 ಇದ್ದ ತಾಯಂದಿರ ಮರಣ 186ಕ್ಕೆ ಇಳಿಯಿತು. ಹೊರಗಿನ ದೊಡ್ಡ ಹಣ ಬಂದು ಆದದ್ದಲ್ಲ ಇದು. ಅದನ್ನು 1995ರಲ್ಲಿ ಅವರು ಸಹಲೇಖಕರೊಬ್ಬರ ಜೊತೆ ಬರೆದು ಪ್ರಕಟಿಸಿದರು.

ಈಗ ನಮ್ಮ ಕನ್ನಡ ನಾಡಿನ ಕಡೆಗೆ ಬರುತ್ತೇನೆ. 2006ರಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಅಧ್ಯಯನವೊಂದು ಪ್ರಕಟವಾಯಿತು. 1,620 ತಾಯಂದಿರು, ಹೆರಿಗೆ ಮಾಡಿಸಿದವರು ಉಪಕೇಂದ್ರಗಳ ದಾದಿಯರು. ಗರ್ಭಕೋಶ ಬಿಗಿಸಲು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ಫ್ರಿಜ್ ಬೇಕು, ಮಿಸೊಪ್ರೊಸ್ಟಾಲ್ ಮಾತ್ರೆಗೆ ಬೇಡ. ಆ ಮಾತ್ರೆ ನುಂಗಿದವರಲ್ಲಿ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ಅಲ್ಲಿ ರಕ್ತ ಅಳೆಯಲು ಅವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡರು: ತಾಯಿಯ ಸೊಂಟಕ್ಕೆ ಕಟ್ಟುವ ದಾರ, ಕೆಳಗೆ ಆಲಿಕೆಯಂತೆ ಇಳಿದ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಆ ಹಾಳೆಯ ಅಳತೆಯ ಪಕ್ಕದಲ್ಲಿ ಕಣ್ಣಂದಾಜನ್ನು ಇಟ್ಟು ನೋಡಿದಾಗ ಅಂದಾಜು ಮೂರನೇ ಒಂದು ಪಾಲಿನಷ್ಟು ಕಡಿಮೆ ಬರುತ್ತಿತ್ತು. ನಾವೆಲ್ಲ ವರ್ಷಗಟ್ಟಲೆ ನಂಬಿದ್ದ ಕಣ್ಣು ಅದು.

ಅಂಥದೇ ಗೆರೆಯಿರುವ ಹಾಳೆ ಆಮೇಲೆ ಇ-ಮೋಟಿವ್ ಅಧ್ಯಯನದಲ್ಲಿ ಆಫ್ರಿಕಾದ ಹೆರಿಗೆ ಕೋಣೆಗಳನ್ನು ಸೇರಿತು. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳು, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು, ಫಲಿತಾಂಶ ಪ್ರಕಟವಾದದ್ದು 2023ರಲ್ಲಿ. ಹಾಳೆಯಲ್ಲಿ ರಕ್ತ ಗೆರೆ ಮುಟ್ಟಿದೊಡನೆ ಐದು ಕೆಲಸ ಒಟ್ಟಿಗೆ ಶುರುವಾಗಬೇಕು: ಗರ್ಭಕೋಶ ಉಜ್ಜುವುದು, ಅದನ್ನು ಬಿಗಿಸುವ ಮದ್ದು, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಎಲ್ಲಿಂದ ಸುರಿಯುತ್ತಿದೆ ಎಂದು ಪರೀಕ್ಷಿಸಿ ಅಗತ್ಯವಿದ್ದರೆ ಮೇಲಿನವರನ್ನು ಕರೆಯುವುದು. ಇದರಲ್ಲಿ ಹೊಸ ಮದ್ದು ಒಂದೂ ಇಲ್ಲ. ಹಿಂದೆ ನಾವು ಒಂದನ್ನು ಮಾಡಿ, ಕಾದು, ನಿಲ್ಲದಿದ್ದರೆ ಇನ್ನೊಂದಕ್ಕೆ ಕೈಹಾಕುತ್ತಿದ್ದೆವು. ಆ ಕಾಯುವಿಕೆಯಲ್ಲೇ ತಾಯಿ ಹೋಗುತ್ತಿದ್ದಳು. ಎಂದಿನ ಚಿಕಿತ್ಸೆ ನಡೆದ ಆಸ್ಪತ್ರೆಗಳಲ್ಲಿ ರಕ್ತಸ್ರಾವವಾದ ತಾಯಂದಿರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಮಾತ್ರ ಗುರುತಿಸಲಾಗಿತ್ತು, ಹೊಸ ಕ್ರಮದಲ್ಲಿ ಶೇಕಡಾ 93 ಮಂದಿಯನ್ನು. ಒಂದು ಲೀಟರಿಗೂ ಮೀರಿ ರಕ್ತ ಹೋಗುವುದು, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗುವುದು, ಸಾಯುವುದು, ಇವೆಲ್ಲ ಸೇರಿ ಶೇಕಡಾ 4.3ರಿಂದ 1.6ಕ್ಕೆ ಇಳಿಯಿತು. ಅದನ್ನು ಮುನ್ನಡೆಸಿದವರು ಬರ್ಮಿಂಗ್‌ಹ್ಯಾಮಿನ ಪ್ರೊಫೆಸರ್ ಅರಿ ಕುಮಾರಸಾಮಿ. ನಿಜವಾಗಿ ಅದನ್ನು ನಡೆಸಿದವರು ಆ ನಾಲ್ಕು ದೇಶಗಳ ದಾದಿಯರು. ಇದನ್ನು ನಿನ್ನ ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆ.

ಆ ಅಂಕಿಗಳನ್ನು ಓದಿದಾಗ ನನಗೆ ಸಂತೋಷಕ್ಕಿಂತ ಮೊದಲು ಬಂದದ್ದು ಕೋಪ. ಗೆರೆಯಿರುವ ಒಂದು ಪ್ಲಾಸ್ಟಿಕ್ ಹಾಳೆ ಇಷ್ಟು ಮಾಡಬಹುದಾದರೆ, ಅದು ಪ್ರತಿ ಹೆರಿಗೆ ಕೋಣೆಗೆ ತಲುಪಲು ಏಕೆ ಇಷ್ಟು ವರ್ಷ?

ಪಡ್ರೆಯ ಮಾಸ್ತರ್:

ಸಿಸ್ಟರ್, ಬಹಳ ಚೆನ್ನಾಗಿ ತಿಳಿಸಿಕೊಟ್ಟಿರಿ. ವಿದ್ಯಾರ್ಥಿನಿಯ ತಾಯಿಯ ಪ್ರಶ್ನೆಗೆ ನಮ್ಮ ಊರಿನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಸಮೀಕ್ಷೆ ಎಂದರೆ ಏನೆಂದು ಪಡ್ರೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳ ಮನೆಗಳಲ್ಲಿ ಕಂಡದ್ದನ್ನು ಮೊದಲು ಎತ್ತಿ ಹೇಳಿದವರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ನಮ್ಮ ಮಕ್ಕಳನ್ನು ಪರೀಕ್ಷಿಸಿದರು, ಹೋಲಿಕೆಗಾಗಿ ಅದನ್ನು ಸುರಿಯದ ಮೀಂಜದ ಮಕ್ಕಳನ್ನೂ ನೋಡಿದರು. ಹುಡುಗರ ಬೆಳವಣಿಗೆಯ ಮೇಲೆ ಆದ ಪರಿಣಾಮದ ಲೇಖನ 2003ರಲ್ಲಿ ಪ್ರಕಟವಾಯಿತು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ 2017ರಲ್ಲಿ. ಸಂಶೋಧನೆ ಬೇಡವೆಂದು ನಾನು ಹೇಳುವುದಿಲ್ಲ. ಆ ಕಾಗದಗಳು ಇಲ್ಲದಿದ್ದರೆ ನಮ್ಮ ಮಾತನ್ನು ಯಾವ ಕಚೇರಿಯೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಕಾಗದ ತಾನಾಗಿ ನಡೆದು ಬರಲಿಲ್ಲ. ಮಡಿಲಲ್ಲಿ ಮಲಗಿದ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದವರೆಗೆ ಹೋಗಿ ಕುಳಿತ ತಾಯಂದಿರು ಅದನ್ನು ನಡೆಸಿಕೊಂಡು ಬಂದರು.

ಇದಲ್ಲದೆ ಬಂದುಹೋದ ತಂಡಗಳು ಎಷ್ಟೋ. ನಮ್ಮ ನೆರೆಮನೆಯ ಅಜ್ಜಿಗೆ ತುಳು ಬಿಟ್ಟರೆ ಬೇರೆ ಬಾರದು. ಅವರಿಂದ ಇಂಗ್ಲಿಷಿನ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ರಕ್ತ ತೆಗೆದುಕೊಂಡು ಹೋದ ತಂಡವೊಂದಿತ್ತು. ವರದಿ ಏನಾಯಿತೆಂದು ಆ ಅಜ್ಜಿಗೆ ಯಾರೂ ಹೇಳಲಿಲ್ಲ. ಆಫ್ರಿಕಾದ ಅಧ್ಯಯನಗಳನ್ನು ಓದುವಾಗಲೂ ಇದನ್ನು ನೋಡಮ್ಮ: ಒಪ್ಪಿಗೆಯನ್ನು ಯಾವ ಭಾಷೆಯಲ್ಲಿ ಕೇಳಿದರು, ಫಲಿತಾಂಶವನ್ನು ಯಾರಿಗೆ ಮೊದಲು ಹೇಳಿದರು, ಅಧ್ಯಯನ ಮುಗಿದ ಮೇಲೆ ಮದ್ದು ಆ ಊರಿನಲ್ಲಿ ಉಳಿಯಿತೇ.

ಸಮುದಾಯ ವೈದ್ಯ, ಮಂಜೇಶ್ವರ:

ಮಾಸ್ತರರ ಕೊನೆಯ ಪ್ರಶ್ನೆಗೆ ಘಾನಾದಲ್ಲಿ ಒಂದು ಒಳ್ಳೆಯ ಉತ್ತರವಿದೆ. ಉತ್ತರ ಘಾನಾದ ನವ್ರೊಂಗೊದಲ್ಲಿರುವ ಸಂಶೋಧನಾ ಕೇಂದ್ರ 1994ರಲ್ಲಿ ಒಂದು ಪ್ರಯೋಗ ಆರಂಭಿಸಿತು. ಊರಿನ ಮುಖ್ಯಸ್ಥರು ಮತ್ತು ಹೆಂಗಸರ ಜೊತೆ ಕೂತು ಮಾತನಾಡಿ, ತರಬೇತಾದ ನರ್ಸ್ ಹಳ್ಳಿಯಲ್ಲೇ ವಾಸಿಸುವ ಏರ್ಪಾಡು ಮಾಡಿತು. ಕೆಲವು ಪ್ರದೇಶಗಳಲ್ಲಿ ನರ್ಸ್, ಕೆಲವು ಕಡೆ ಸ್ವಯಂಸೇವಕರು ಮಾತ್ರ, ಕೆಲವು ಕಡೆ ಇಬ್ಬರೂ. ನರ್ಸ್ ನೆಲೆಸಿದ ಕಡೆ ಮೂರು ವರ್ಷದಲ್ಲಿ ಮಕ್ಕಳ ಮರಣ ಅರ್ಧಕ್ಕೂ ಹೆಚ್ಚು ಇಳಿಯಿತು. ಸ್ವಯಂಸೇವಕರನ್ನು ಮಾತ್ರ ಬಿಟ್ಟ ಕಡೆ ಅಂಥ ಫಲ ಕಾಣಲಿಲ್ಲ. 1999ರಲ್ಲಿ ಘಾನಾ ಸರ್ಕಾರ ಅದನ್ನು ಇಡೀ ದೇಶದ ನೀತಿಯಾಗಿ ಒಪ್ಪಿಕೊಂಡಿತು. ಊರಿನವರ ಒಳ್ಳೆಯತನವನ್ನು ನಂಬಿ ಬಿಟ್ಟಿಯಾಗಿ ಕೆಲಸ ತೆಗೆಸಿಕೊಂಡರೆ ಮಕ್ಕಳು ಬದುಕುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯನ್ನು ನಾನು ಕಂಡಿಲ್ಲ. 2025ರಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ತಿಂಗಳುಗಟ್ಟಲೆ ಕುಳಿತ ನಮ್ಮ ಆಶಾ ಕಾರ್ಯಕರ್ತೆಯರು ಕೇಳಿದ್ದೂ ನ್ಯಾಯವಾದ ಗೌರವಧನವನ್ನೇ.

ಇನ್ನೊಂದು, ಹೆಂಗಸರ ಗುಂಪುಗಳು. ನೇಪಾಳ, ಜಾರ್ಖಂಡ್ ಒಡಿಶಾಗಳು, ಬಾಂಗ್ಲಾದೇಶ, ಆಫ್ರಿಕಾದ ಮಲಾವಿಯಲ್ಲಿ ಹಳ್ಳಿಯ ಹೆಂಗಸರು ತಿಂಗಳಿಗೊಮ್ಮೆ ಸೇರಿ, ತಮ್ಮ ಊರಿನಲ್ಲಿ ಬಾಣಂತಿಯರೂ ಶಿಶುಗಳೂ ಏಕೆ ಸಾಯುತ್ತಿದ್ದಾರೆಂದು ಚರ್ಚಿಸಿ, ತಾವೇ ಪರಿಹಾರ ಹುಡುಕಿಕೊಂಡರು. ಅಂಥ ಏಳು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ನೋಡಿದಾಗ ತಾಯಂದಿರ ಮರಣದಲ್ಲಿ ಶೇಕಡಾ 37, ನವಜಾತ ಶಿಶುಗಳ ಮರಣದಲ್ಲಿ ಶೇಕಡಾ 23 ಇಳಿಕೆ ಕಂಡಿತು. ಬಸುರಿಯರಲ್ಲಿ ನೂರಕ್ಕೆ ಮೂವತ್ತು ಮಂದಿಯಾದರೂ ಗುಂಪಿಗೆ ಬಂದ ಕಡೆ ಫಲ ಇನ್ನೂ ಹೆಚ್ಚು. ಕುಟುಂಬಶ್ರೀಯ ಅಯಲ್‌ಕೂಟಗಳು, ಅಂದರೆ ನೆರೆಹೊರೆಯ ಹೆಂಗಸರ ಸ್ವಸಹಾಯ ಗುಂಪುಗಳು, ನಮ್ಮಲ್ಲಿ ಪ್ರತಿ ವಾರ್ಡಿನಲ್ಲೂ ಇವೆ. ಅಲ್ಲಿ ಸಾಲದ ಕಂತಿನ ಮಾತು ಮುಗಿದ ಮೇಲೆ ಇದಕ್ಕೂ ಅರ್ಧ ಗಂಟೆ ಸಿಗಬೇಕು.

ಸಿಸ್ಟರ್ ಹೇಳಿದ ಕಿಗೋಮಾದ ಕಡತ ಪರಿಶೀಲನೆಗೆ ಕೇರಳದಲ್ಲೇ ಜೋಡಿಯಿದೆ. ಇಲ್ಲಿನ ಹೆರಿಗೆ ವೈದ್ಯರ ಒಕ್ಕೂಟ 2004ರಲ್ಲಿ ತಾಯಂದಿರ ಮರಣದ ಗೋಪ್ಯ ಪರಿಶೀಲನೆ ಶುರುಮಾಡಿತು. ಆಸ್ಪತ್ರೆಯ ಹೆಸರಿಲ್ಲ, ವೈದ್ಯರ ಹೆಸರಿಲ್ಲ, ಶಿಕ್ಷೆಯಿಲ್ಲ. ಸಾವು ಹೇಗಾಯಿತು, ಎಲ್ಲಿ ತಪ್ಪಿಸಬಹುದಿತ್ತು ಎಂಬುದು ಮಾತ್ರ. ಭಯವಿದ್ದ ಕಡೆ ಯಾರೂ ನಿಜ ಬರೆಯುವುದಿಲ್ಲವಾದ್ದರಿಂದ ಆ ಗೋಪ್ಯತೆಯೇ ಅದರ ಜೀವಾಳ. 2018-20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಲಕ್ಷ ಜನನಕ್ಕೆ ಕೇರಳದಲ್ಲಿ 19, ಇಡೀ ದೇಶದಲ್ಲಿ 97 ತಾಯಂದಿರ ಮರಣ.

ಮುಳ್ಳೇರಿಯದ ವಿದ್ಯಾರ್ಥಿನಿ:

ಎಲ್ಲರಿಗೂ ತುಂಬಾ ಕೃತಜ್ಞತೆಗಳು. ಸಿಸ್ಟರ್ ಬರೆದ ಕಾಂಗಾದ ವಿಷಯವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಇನ್ನೊಂದು ಸಂಶಯ ಎತ್ತಿದ್ದಾರೆ: ನಮ್ಮಲ್ಲಿ ಈಗ ಹೆರಿಗೆಗಳೆಲ್ಲ ಹೆಚ್ಚುಕಡಿಮೆ ಆಸ್ಪತ್ರೆಯಲ್ಲೇ ಆಗುತ್ತವೆ. ಹಾಗಿರುವಾಗ ಕಾಸರಗೋಡಿನಲ್ಲಿ ಹುಡುಕಬೇಕಾದದ್ದು ಏನು? ನನ್ನ ಕಿರು ಸಂಶೋಧನೆಗೂ ಒಂದು ವಿಷಯ ಆಯ್ದುಕೊಳ್ಳಬೇಕಾಗಿದೆ.

ನಿವೃತ್ತ ನರ್ಸ್, ಬದಿಯಡ್ಕ:

ದಾರಿ. ನಮ್ಮಲ್ಲಿ ಹುಡುಕಬೇಕಾದದ್ದು ದಾರಿಯಲ್ಲಿದೆ.

1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ತಾಯಂದಿರ ಸಾವಿನ ಹಿಂದಿನ ವಿಳಂಬವನ್ನು ಮೂರಾಗಿ ವಿಂಗಡಿಸಿದರು: ಆಸ್ಪತ್ರೆಗೆ ಹೋಗೋಣವೆಂದು ಮನೆಯಲ್ಲಿ ತೀರ್ಮಾನಿಸಲು ಆಗುವ ತಡ, ಹೊರಟು ತಲುಪಲು ಆಗುವ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗಲು ಆಗುವ ತಡ. ಅದನ್ನು ನೀನು ಪಾಠದಲ್ಲಿ ಓದಿಯೇ ಇರುತ್ತೀ. ಈಗ ಬೆಳ್ಳೂರಿನ ಒಳಗಿನ ಒಂದು ಮನೆಯಿಂದ ಯೋಚಿಸು. ಜೀಪು ಸಿಗಬೇಕು, ಗುಡ್ಡ ಇಳಿಯಬೇಕು, ಹತ್ತಿರದ ಆಸ್ಪತ್ರೆಯವರು ನೋಡಿ ಮಂಗಳೂರಿಗೆ ಕರೆದೊಯ್ಯಿರಿ ಎಂದರೆ ಮತ್ತೆ ಹೊರಡಬೇಕು. ಕಷ್ಟದ ಹೆರಿಗೆ ಎಂದರೆ ಕರ್ನಾಟಕದ ಗಡಿಯ ತಲಪಾಡಿ ದಾಟುವುದು ಎಂದೇ ನಮ್ಮವರ ರೂಢಿ. 2020ರ ಲಾಕ್‌ಡೌನಿನಲ್ಲಿ ಆ ಗಡಿ ಮುಚ್ಚಿದಾಗ ಇಲ್ಲಿನ ರೋಗಿಗಳ ಪಾಡು ಏನಾಯಿತೆಂದು ಇಡೀ ದೇಶ ನೋಡಿದೆ. ಬಸುರಿಯರಿರುವ ಮನೆಗಳಲ್ಲಿ ಆ ದಿನಗಳ ಭಯ ನನಗೆ ಚೆನ್ನಾಗಿ ನೆನಪಿದೆ.

ಆದ್ದರಿಂದ ನಿನ್ನ ವಿಷಯ ಇದಾಗಲಿ: ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸಲ್ಪಟ್ಟ ತಾಯಂದಿರ ಪ್ರಯಾಣ. ಮನೆಯಲ್ಲಿ ಹೊರಡೋಣ ಎಂದದ್ದು ಎಷ್ಟು ಗಂಟೆಗೆ, ವಾಹನ ಬಂದದ್ದು ಎಷ್ಟು ಗಂಟೆಗೆ, ಮೊದಲ ಆಸ್ಪತ್ರೆ ಮುಟ್ಟಿದ್ದು, ಅಲ್ಲಿಂದ ಹೊರಟದ್ದು, ಕೊನೆಗೆ ವೈದ್ಯರು ಕೈಮುಟ್ಟಿ ನೋಡಿದ್ದು ಎಷ್ಟು ಗಂಟೆಗೆ. ದಾರಿಯಲ್ಲಿ ಜೊತೆಗೆ ನರ್ಸ್ ಇದ್ದಳೇ, ಡ್ರಿಪ್ ಓಡುತ್ತಿತ್ತೇ, ಗರ್ಭಕೋಶದ ಮೇಲೆ ಯಾರ ಕೈಯಾದರೂ ಇತ್ತೇ, ಕಳುಹಿಸಿದ ಚೀಟಿಯಲ್ಲಿ ಎಷ್ಟು ರಕ್ತ ಹೋಗಿದೆಯೆಂದು ಬರೆದಿದ್ದರೇ, ಬರೆದಿದ್ದರೆ ಅಳೆದು ಬರೆದದ್ದೋ ಅಂದಾಜೋ. ಆಸ್ಪತ್ರೆಯ ಹೆಸರು ಫಾರಂನಲ್ಲಿ ಬೇಡ. ಡಾಕ್ಟರು ಮೇಲೆ ಹೇಳಿದ ಗೋಪ್ಯ ಪರಿಶೀಲನೆಯ ಕ್ರಮವನ್ನೇ ಹಿಡಿ. ನಿಮ್ಮ ವಿಭಾಗದ ನೈತಿಕ ಸಮಿತಿಯ ಒಪ್ಪಿಗೆ ಸಿಗುವ ಮೊದಲು ಒಂದು ಮನೆಗೂ ಹೋಗಬೇಡ.

ಪ್ರಶ್ನೆ ಕೇಳುವವರು ನಿನ್ನ ಅಮ್ಮನಂಥ ಆಶಾ ಕಾರ್ಯಕರ್ತೆಯರೇ ಆಗಲಿ, ಅವರ ದಿನಕ್ಕೆ ಸಂಬಳ ಕೊಡುವ ಹಣವನ್ನು ಯೋಜನೆಯಲ್ಲಿ ಮೊದಲೇ ಬರೆ. ಒಪ್ಪಿಗೆ ಪತ್ರ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ, ತುಳು ಮನೆಗಳಲ್ಲಿ ತುಳುವಿನಲ್ಲೇ ಓದಿ ಹೇಳಬೇಕು. ಮಾಸ್ತರರು ಕೇಳಿದ್ದಕ್ಕೂ ಜಾಗ ಇಡು: ಫಲಿತಾಂಶವನ್ನು ಮೊದಲು ಆ ವಾರ್ಡಿನ ಅಯಲ್‌ಕೂಟದಲ್ಲಿ ಹೇಳುವ ದಿನಾಂಕವನ್ನು ಯೋಜನೆಯಲ್ಲೇ ನಮೂದಿಸು, ವಿಶ್ವವಿದ್ಯಾಲಯಕ್ಕೆ ಅದರ ನಂತರ.

ಕರಡು ಫಾರಂ ತಯಾರಾದಾಗ ಇಲ್ಲಿಯೇ ಹಾಕು. ಹೆರಿಗೆ ಕೋಣೆಯ ಪ್ರಶ್ನೆಗಳನ್ನೂ ತುಳುವಿನ ಪಾಠವನ್ನೂ ನಾನು ತಿದ್ದಿಕೊಡುತ್ತೇನೆ.